ತನ್ನ ಪಾಲಿನ ಕೆಲಸ ಸಾಲದೆ?

ನಮ್ಮ ಕಟ್ಟಡದಲ್ಲಿ ದಿನವೂ ಬೆಳಿಗ್ಗೆ ಆರೂವರೆಯಿಂದ ಏಳೂವರೆಯ ವರೆಗೆ ಒಂದು ಮೌನಯುದ್ಧ ನಡೆಯುತ್ತದೆ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಬಾಳಿದವರಿಗೆ ಇದು ಹೊಸದಲ್ಲ. ಛಾವಣಿಯ ಮೇಲಿನ ತಣ್ಣೀರಿನ ಟ್ಯಾಂಕಿನಿಂದ ಒಂದು ಕೊಳವೆ ಇಳಿಯುತ್ತದೆ. ಈಚೆಗೆ ಕೂಡಿಸಿದ ಸೌರ ಹೀಟರಿನಿಂದ ಬಿಸಿನೀರಿನ ಇನ್ನೊಂದು ಕೊಳವೆ. ನಾಲ್ಕು ಅಂತಸ್ತುಗಳಿಗೂ ಇವೆರಡೇ. ನಾನು ಎರಡು ನಲ್ಲಿಗಳನ್ನೂ ಅತ್ತಿತ್ತ ತಿರುಗಿಸಿ, ಹದವಾದ ಬಿಸಿ ದೊರೆಯಿತೆಂದು ನೆಮ್ಮದಿಯಿಂದ ತಲೆಗೆ ಸೋಪು ಹಚ್ಚಿಕೊಂಡಿರುತ್ತೇನೆ. ಅಷ್ಟರಲ್ಲಿ ಮೇಲಿನ ಮನೆಯವರು ತಮ್ಮ ತಣ್ಣೀರಿನ ನಲ್ಲಿ ತಿರುಗಿಸುತ್ತಾರೆ. ನನ್ನ ಬೆನ್ನು ಸುಡುತ್ತದೆ. ನಾನು ಕಣ್ಣು ಮುಚ್ಚಿಕೊಂಡೇ ಬಿಸಿನೀರನ್ನು ಕಡಿಮೆ ಮಾಡುತ್ತೇನೆ. ಅದರಿಂದ ಅವರಿಗೆ ಬಿಸಿ ಹೆಚ್ಚುತ್ತದೆ. ಅವರು ಇನ್ನಷ್ಟು ತಣ್ಣೀರು ಬಿಡುತ್ತಾರೆ. ಐದು ನಿಮಿಷ ಹೀಗೆ ನಡೆದ ಮೇಲೆ ಇಬ್ಬರೂ ಪರಸ್ಪರರನ್ನು ಮನಸ್ಸಿನಲ್ಲೇ ಶಪಿಸುತ್ತ ಹೊರಗೆ ಬರುತ್ತೇವೆ. ಮೆಟ್ಟಿಲ ಮೇಲೆ ಎದುರಾದಾಗ ಮಾತ್ರ ನಗುತ್ತೇವೆ.

ತಪ್ಪು ಯಾರದು? ಯಾರದೂ ಅಲ್ಲ. ಇಬ್ಬರೂ ತಮ್ಮ ತಮ್ಮ ಮೈಗೆ ಹಿತವಾದುದನ್ನಷ್ಟೇ ಮಾಡಿದೆವು. ಕೆಡಬೇಕೆಂದು ಮಾಡಿದ್ದು ಯಾವುದೂ ಇಲ್ಲ. ಆದರೂ ಕೆಟ್ಟಿತು.

ಮೂವತ್ತು ವರ್ಷ ಒಂದು ಕಾರಖಾನೆಯ ಉಪಕರಣ ವಿಭಾಗದಲ್ಲಿ ದುಡಿದವನಾದ್ದರಿಂದ ಈ ಸಮಸ್ಯೆಗೆ ಇಂಜಿನಿಯರುಗಳು ಇಟ್ಟಿರುವ ಮಾರುದ್ದದ ಹೆಸರು ನನಗೆ ಗೊತ್ತು: 'ಅರೇಖೀಯ ಬಹುಚಲ ವ್ಯವಸ್ಥೆಗಳ ವಿಕೇಂದ್ರಿತ ಹೊಂದಾಣಿಕೆಯ ನಿಯಂತ್ರಣ'. ವಾಚಕರು ಹೆದರಬೇಕಾಗಿಲ್ಲ, ಈ ಪದಗಳೆಲ್ಲ ನಮ್ಮ ಸ್ನಾನದ ಮನೆಯಲ್ಲೇ ಇವೆ. ನೀರಿನ ಬಿಸಿ, ನೀರಿನ ರಭಸ, ಮೇಲಿನ ಮನೆಯ ಬಿಸಿ, ಅಲ್ಲಿಯ ರಭಸ, ಹೀಗೆ ಬದಲಾಗುವ ಸಂಗತಿಗಳು ಹಲವು, ಮತ್ತು ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ, ಇದು ಬಹುಚಲ. ನಲ್ಲಿಯನ್ನು ಎರಡರಷ್ಟು ತಿರುಗಿಸಿದರೆ ನೀರೂ ಎರಡರಷ್ಟು ಬಂದೀತೆಂಬ ಭರವಸೆ ಇಲ್ಲ, ಮೊದಲ ಕಾಲು ಸುತ್ತಿಗೇ ಬಹುಪಾಲು ಬಂದುಬಿಡುತ್ತದೆ; ಇದು ಅರೇಖೀಯ. ಎಲ್ಲರ ನಲ್ಲಿಗಳನ್ನೂ ನೋಡಿಕೊಳ್ಳುವ ಒಬ್ಬ ಯಜಮಾನನಿಲ್ಲ, ಅವರವರ ನಲ್ಲಿ ಅವರವರ ಕೈಯಲ್ಲಿ, ಇದು ವಿಕೇಂದ್ರಿತ. ಇನ್ನು, ದಿನದಿನದ ಅನುಭವದಿಂದ ನಾವು ನಮ್ಮ ತಿರುಗಿಸುವ ರೀತಿಯನ್ನೇ ಬದಲಿಸಿಕೊಳ್ಳುತ್ತೇವಲ್ಲ, ಅದು ಹೊಂದಾಣಿಕೆ.

ಈ ಯಂತ್ರಶಾಸ್ತ್ರದ ಹಿಂದೆ ಹಳೆಯದೊಂದು ಧರ್ಮಪ್ರಶ್ನೆ ಅಡಗಿದೆಯೆಂದು ನನಗೆ ಬಹಳ ದಿನಗಳಿಂದ ತೋರುತ್ತಿದೆ. ಸ್ವಧರ್ಮವೆಂಬ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವರು ನಾವು. ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದರೆ ಲೋಕ ತಾನಾಗಿ ನೆಟ್ಟಗಾಗುತ್ತದೆಂಬುದು ನಮ್ಮ ನಂಬಿಕೆ. ಪರಸ್ಥಳದಲ್ಲಿ ನೆಲೆನಿಂತ ನಮ್ಮಂಥವರಿಗಂತೂ ಅದು ದೊಡ್ಡ ಸಮಾಧಾನ. ಊರಿನವರು ಊರಿನದನ್ನು ನೋಡಿಕೊಳ್ಳುತ್ತಾರೆ, ಅಣ್ಣ ಅಣ್ಣನ ಪಾಲಿನದನ್ನು, ನಾನು ನನ್ನದನ್ನು. ಆದರೆ ಅದು ಸಾಕೆ? ತನ್ನ ಪಾಲಿನದನ್ನು ತನ್ನ ಕಣ್ಣಿಗೆ ಕಂಡಷ್ಟರಲ್ಲಿ ಸರಿಯಾಗಿ ಮಾಡಿದವನು, ಒಟ್ಟು ಕೆಟ್ಟಾಗ 'ನನ್ನದೇನೂ ತಪ್ಪಿಲ್ಲ' ಎನ್ನಬಹುದೆ?

ಉತ್ತರಕ್ಕೆ ಯಂತ್ರಗಳ ಕಡೆಗೇ ಹೋಗೋಣ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಎರಡು ಗುಂಡುಗಳ ಗವರ್ನರ್ ಅಳವಡಿಸಿದ. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ಹೊರಗೆ ಚಾಚಿ ಉಗಿಯನ್ನು ಕಡಿಮೆ ಮಾಡುತ್ತವೆ, ವೇಗ ತಗ್ಗಿದರೆ ಒಳಗೆ ಬಂದು ಉಗಿಯನ್ನು ಹೆಚ್ಚಿಸುತ್ತವೆ. ಆದರೆ ಇಂಥ ಗವರ್ನರುಗಳು ಒಮ್ಮೊಮ್ಮೆ ಹುಚ್ಚು ಹಿಡಿದಂತೆ ಓಲಾಡುತ್ತಿದ್ದವು. ಅದೇಕೆಂದು 1868ರಲ್ಲಿ ಗಣಿತದಿಂದ ವಿವರಿಸಿದವನು ಮಹಾವಿಜ್ಞಾನಿ ಮ್ಯಾಕ್ಸ್‌ವೆಲ್. ತಿದ್ದುವವನ ಉದ್ದೇಶ ಒಳ್ಳೆಯದಿದ್ದರೆ ಸಾಲದು, ತಿದ್ದುವ ಹದವೂ ಹೊತ್ತೂ ಸರಿಯಿರಬೇಕೆಂಬ ಪಾಠ ಅಂದೇ ದೊರೆಯಿತು.

ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯತೊಡಗಿದಾಗ ಲೆಕ್ಕ ಸುಲಭವಿತ್ತು. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಗಣಿ, ನಡುವೆ ತಂತಿ. ಇಂದು ಹಾಗಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರಗಳ ನಡುವಿನ 765 ಕಿಲೊವೋಲ್ಟ್ ಮಾರ್ಗ ಚಾಲನೆಗೊಂಡು, ದಕ್ಷಿಣದ ಜಾಲ ಉಳಿದ ದೇಶದ ಜಾಲದೊಡನೆ ಒಂದಾಯಿತು. ಕನ್ನಡ ಮರಾಠಿಗಳೆರಡೂ ಕಲೆತ ಆ ಸೀಮೆಯಲ್ಲೇ ಈ ಬೆಸುಗೆಯೂ ಆದದ್ದು ನನಗೆ ಒಂದು ಬಗೆಯ ಸಂತೋಷ. ಅಂದಿನಿಂದ ಶರಾವತಿಯ ಚಕ್ರಗಳೂ ಹಿಮಾಲಯದ ತಪ್ಪಲಿನ ಚಕ್ರಗಳೂ ಒಂದೇ ಲಯದಲ್ಲಿ, ಸೆಕೆಂಡಿಗೆ 50 ಆವರ್ತದ ಸುಮಾರಿಗೆ ತಿರುಗುತ್ತವೆ.

ಈ ಲಯವೇ ಎಲ್ಲಕ್ಕೂ ಕೀಲಿಕೈ. ದೇಶದ ಬಳಕೆ ಉತ್ಪಾದನೆಗಿಂತ ಹೆಚ್ಚಾದರೆ ಎಲ್ಲ ಚಕ್ರಗಳೂ ಕೂಡಿಯೇ ತುಸು ನಿಧಾನವಾಗುತ್ತವೆ. ಯಾವ ಊರಿನಲ್ಲಿ ಬಳಕೆ ಹೆಚ್ಚಿತೆಂದು ಶರಾವತಿಯ ಗವರ್ನರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ತನ್ನ ಚಕ್ರ ನಿಧಾನವಾದುದನ್ನು ಕಂಡು ಅದು ನೀರಿನ ಬಾಗಿಲನ್ನು ತುಸು ತೆರೆಯುತ್ತದೆ. ಸಾವಿರ ಮೈಲಿ ಆಚೆ ಇನ್ನೊಂದು ಗವರ್ನರೂ ಹಾಗೆಯೇ ಮಾಡುತ್ತದೆ. ಆಜ್ಞೆ ಬರುವ ಮೊದಲೇ, ಅವರವರ ಕಣ್ಣಳತೆಯಲ್ಲಿ ಎಲ್ಲರೂ ಕೈಗೂಡಿಸಿಬಿಟ್ಟಿರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿ ಗವರ್ನರೂ 'ಸರಿಯಾಗಿ 50 ಆಗಲೇಬೇಕು, ಕೂದಲೆಳೆಯಷ್ಟೂ ಬಿಡೆನು' ಎಂದು ಹಠ ಹಿಡಿದರೆ ಅವು ಒಂದರ ಮೇಲೊಂದು ಜಗ್ಗಾಟಕ್ಕೆ ಬೀಳುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯೇ ಸರಿ. ಆದ್ದರಿಂದ ಪ್ರತಿಯೊಂದಕ್ಕೂ ಒಂದು 'ಬಾಗು' ಇಟ್ಟಿರುತ್ತಾರೆ. ಬಾಗು ನೂರಕ್ಕೆ 5 ಇದ್ದರೆ, ಲಯ 0.1 ಆವರ್ತದಷ್ಟು ಕುಸಿದಾಗ ಆ ಯಂತ್ರ ತನ್ನ ಶಕ್ತಿಯ ನೂರಕ್ಕೆ 4ರಷ್ಟು ಮಾತ್ರ ಹೆಚ್ಚು ಹೊರುತ್ತದೆ. ಉಳಿದುದನ್ನು ಇತರರಿಗೆ ಬಿಡುತ್ತದೆ. ಪೂರ್ತಿ ಸರಿಪಡಿಸುವ ಹಠವನ್ನು ಬಿಟ್ಟದ್ದರಿಂದಲೇ ಹೊರೆ ಹಂಚಿಹೋಗುತ್ತದೆ. 'ಮನೆಯೆಲ್ಲ ನನ್ನಿಂದಲೇ ಸರಿಹೋಗಬೇಕು' ಎನ್ನುವ ಸಜ್ಜನರು ಇಬ್ಬರಿರುವ ಮನೆಯಲ್ಲಿ ಒಂದು ದಿನ ಇದ್ದು ಬಂದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ಸ್ವಧರ್ಮಕ್ಕೆ ಜಯವೆಂದು ಲೇಖನ ಮುಗಿಸಬಹುದಾಗಿತ್ತು. ಆದರೆ 2012ರ ಜುಲೈ ತಿಂಗಳ ಕೊನೆಯನ್ನು ಮರೆಯಲಾಗದು. 30ರಂದು ನಸುಕಿನ ಎರಡೂವರೆಯ ಸುಮಾರಿಗೆ ಉತ್ತರ ಭಾರತದ ಜಾಲ ಕುಸಿಯಿತು. ಕಷ್ಟಪಟ್ಟು ಎಬ್ಬಿಸಿ ನಿಲ್ಲಿಸಿದರೆ, ಮಾರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ದಿಲ್ಲಿಯ ಮೆಟ್ರೊ ನಿಂತಿತು, ರೈಲುಗಳು ನಡುದಾರಿಯಲ್ಲಿ ನಿಂತವು. ಮುಂಬಯಿಯ ನಮಗೂ, ಆಗ ಬೇರೆಯೇ ಲಯದಲ್ಲಿದ್ದ ಬೆಂಗಳೂರು, ಚೆನ್ನೈ, ಹೈದರಾಬಾದುಗಳಿಗೂ ಕತ್ತಲು ತಟ್ಟಲಿಲ್ಲ.

ಬಳಿಕ ಸರಕಾರದ ವಿಚಾರಣಾ ಸಮಿತಿ ಕಾರಣಗಳನ್ನು ಹೇಳಿತು. ಹಲವು ಮಾರ್ಗಗಳು ಮೊದಲೇ ಕೆಲಸ ನಿಲ್ಲಿಸಿದ್ದವು. ಉತ್ತರದ ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಳ್ಳುತ್ತಿದ್ದವು. ಕಡಿಮೆ ಮಾಡಿರೆಂದ ಸೂಚನೆಗೆ ಸಾಕಷ್ಟು ಓಗೊಡಲಿಲ್ಲ. ಹೊರೆಯೆಲ್ಲ ಬೀನಾ–ಗ್ವಾಲಿಯರ್ ಮಾರ್ಗದ ಮೇಲೆ ಬಿತ್ತು. ಆ ಮಾರ್ಗವನ್ನು ಕಾಯುವ ರಿಲೇ ಎಂಬ ಉಪಕರಣ ಒತ್ತಡ ತಗ್ಗಿದ್ದನ್ನೂ ಪ್ರವಾಹ ಹೆಚ್ಚಿದ್ದನ್ನೂ ಕಂಡು, ಮಾರ್ಗದಲ್ಲೇನೋ ಕೆಡುಕಾಗಿದೆಯೆಂದು ಬಗೆದು ಅದನ್ನು ಕತ್ತರಿಸಿತು. ನಿಜವಾಗಿ ಕೆಡುಕೇನೂ ಆಗಿರಲಿಲ್ಲ, ಹೊರೆ ಮಾತ್ರ ಹೆಚ್ಚಿತ್ತು. ಒಂದು ಕಡಿದ ಮೇಲೆ ಅದರ ಹೊರೆ ಪಕ್ಕದ ಮಾರ್ಗಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಕಡಿದವು.

ಆ ರಿಲೇಯನ್ನು ದೂಷಿಸಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಕಲಿಸಿದ್ದನ್ನು ಅದು ಮಾಡಿತು. ತನ್ನ ಮಾರ್ಗವನ್ನು ಉಳಿಸಿಕೊಂಡಿತು, ದೇಶವನ್ನು ಕತ್ತಲಿಗೆ ನೂಕಿತು. ಹೆಚ್ಚು ಎಳೆದುಕೊಂಡ ರಾಜ್ಯದ ಅಧಿಕಾರಿಯ ಎದುರಿಗೂ ಒಣಗುತ್ತಿದ್ದ ಹೊಲಗಳಿದ್ದಿರಬೇಕು. ಪ್ರತಿಯೊಬ್ಬರೂ ತಮ್ಮ ಮುಂದಿನ ಮುಳ್ಳನ್ನು ನೋಡಿದರು. ಎಲ್ಲ ಮುಳ್ಳುಗಳನ್ನೂ ಕೂಡಿಸಿ ನೋಡಿದರೆ ಏನಾಗುತ್ತಿದೆಯೆಂಬುದು ಅವರ ಕರ್ತವ್ಯದ ಪಟ್ಟಿಯಲ್ಲಿ ಮೊದಲನೆಯದಾಗಿರಲಿಲ್ಲ.

ಇದಕ್ಕಿಂತ ಕಠಿಣವಾದದ್ದು ಕಲಿಯುವ ಯಂತ್ರದ ಕಥೆ. ವಾಟನ ಗವರ್ನರಿನ ಸ್ವಭಾವ ಸ್ಥಿರ. ಹೊಂದಿಕೊಳ್ಳುವ ನಿಯಂತ್ರಕ ಹಾಗಲ್ಲ. ತಪ್ಪಾದಾಗಲೆಲ್ಲ ತನ್ನ ಸ್ವಭಾವವನ್ನೇ ತಿದ್ದಿಕೊಳ್ಳುತ್ತದೆ. ಕೇಳಲು ಎಷ್ಟು ಚೆಂದ! ಆದರೆ ಇಂಥ ನಿಯಂತ್ರಕಗಳು ತಮಗೆ ಕಾಣದ ಸಣ್ಣ ಸಂಗತಿಗಳು ಕೂಡಿಕೊಂಡಾಗ ಕಲಿಯುತ್ತ ಕಲಿಯುತ್ತಲೇ ಕೆಟ್ಟು ಹತೋಟಿ ತಪ್ಪಬಲ್ಲವೆಂದು, 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಚಾರ್ಲ್ಸ್ ರೋರ್ಸ್ ಮತ್ತು ಸಂಗಡಿಗರು ತೋರಿಸಿದರು. ಇಂಥವು ಹಲವು ಒಟ್ಟಿಗಿದ್ದಾಗ, ಅವುಗಳ ನಡುವಿನ ನಂಟು ತೆಳುವಾಗಿದ್ದರೂ ಎಲ್ಲವೂ ಹತೋಟಿ ತಪ್ಪಬಹುದೆಂದು 1986ರಲ್ಲಿ ಪೆಟ್ರೋಸ್ ಇಯೊಆನ್ನು ಎಂಬ ವಿದ್ವಾಂಸರು ತೋರಿಸಿದರು. ಕಾರಣ ಊಹಿಸಬಹುದು. ನಾನು ನೆರೆಯವನನ್ನು ನೋಡಿ ಬದಲಾಗುತ್ತೇನೆ, ಅವನು ನನ್ನನ್ನು ನೋಡಿ ಬದಲಾಗುತ್ತಾನೆ. ನಾನು ಕಲಿತ ನೆರೆಯವನು ನಿನ್ನೆಯವನು, ಇಂದು ಅವನಲ್ಲಿಲ್ಲ.

ಮದ್ದುಗಳೂ ದೊರೆತವು. ಒಂದು, ಸಣ್ಣ ತಪ್ಪುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು. ಇನ್ನೊಂದು, ಕಲಿತದ್ದನ್ನು ಸ್ವಲ್ಪ ಸ್ವಲ್ಪವಾಗಿ ಸೋರಿಹೋಗಲು ಬಿಡುವುದು, ಎಂದರೆ ಒಂದಿಷ್ಟು ಮರೆವು. ಗಣಿತಜ್ಞರು ಸಮೀಕರಣದಲ್ಲಿ ಬರೆದ ಇವನ್ನು ನಮ್ಮ ಅಜ್ಜಿಯರು ಸಹನೆ, ಕ್ಷಮೆ ಎನ್ನುತ್ತಿದ್ದರು. ಆದರೆ ಈ ಮದ್ದುಗಳಿಂದ ಕುಸಿತ ತಪ್ಪುತ್ತದೆಯೇ ಹೊರತು ಗುರಿ ಮುಟ್ಟುವ ಭರವಸೆ ಇಲ್ಲ. ಒಂದಿಷ್ಟು ತಪ್ಪು ಉಳಿದೇ ಉಳಿಯಬಹುದು.

ಆ ಉಳಿಯುವ ತಪ್ಪು ಎಂಥದೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಾವು ಮೂವರು ಮಕ್ಕಳು. ಅಣ್ಣ ಹೈದರಾಬಾದಿನಲ್ಲಿ, ತಂಗಿ ಪುಣೆಯಲ್ಲಿ, ನಾನು ಇಲ್ಲಿ. ಅವ್ವ ಗದಗಿನ ಕಡೆಯ ಹಳ್ಳಿಯ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ಯಾರೂ ಯಾರಿಗೂ ಹೇಳದೆಯೇ ಒಂದು ವ್ಯವಸ್ಥೆ ಬೆಳೆಯಿತು. ಅಣ್ಣ ಹಣ ಕಳಿಸುತ್ತಿದ್ದ. ನಾನು ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಬೇಸಗೆಯಲ್ಲಿ ತಂಗಿ ಹೋಗಿ ಇರುತ್ತಿದ್ದಳು. ಕ್ರಮೇಣ ನಾನು ಗಮನಿಸಿದೆ: ನಾನು ಹೋಗುವುದು ಹೆಚ್ಚಿದಷ್ಟೂ ಅಣ್ಣ ಹೋಗುವುದು ಕಡಿಮೆ. 'ಸರಿ, ನಾನು ತುಸು ಹಿಂದೆಗೆದರೆ ಅವನಿಗೆ ತಿಳಿದೀತು' ಎಂದು ಎರಡು ತಿಂಗಳನ್ನು ಮೂರು ಮಾಡಿದೆ. ಅಣ್ಣನಾದರೋ ನಾನು ಹಣದ ಮಾತೆತ್ತದುದನ್ನು ಕಂಡು, 'ಓಡಾಟ ಅವನ ಪಾಲು, ಹಣ ನನ್ನ ಪಾಲು' ಎಂದು ಲೆಕ್ಕ ಹಾಕಿದ್ದ. ನಾವಿಬ್ಬರೂ ಇದ್ದೇವಲ್ಲ ಎಂದು ತಂಗಿ ಮಕ್ಕಳ ಪರೀಕ್ಷೆಯ ವರ್ಷ ಹೋಗಲಿಲ್ಲ. ಫೋನಿನಲ್ಲಿ ಅವ್ವ ಮೂವರಿಗೂ ಹೇಳುತ್ತಿದ್ದುದು ಒಂದೇ: "ನಾ ಆರಾಮ ಇದ್ದೀನಪ್ಪಾ, ನನ್ನ ಚಿಂತೀ ಮಾಡಬ್ಯಾಡ್ರಿ." ಎಂದೂ ಕದಲದ ಮುಳ್ಳನ್ನು ನಂಬಬಾರದೆಂದು ಕಾರಖಾನೆಯಲ್ಲಿ ಎಷ್ಟೋ ಹುಡುಗರಿಗೆ ಪಾಠ ಹೇಳಿದವನು ನಾನು, ಮನೆಯ ಮುಳ್ಳನ್ನು ಪ್ರಶ್ನಿಸಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ ಅವ್ವ ಹಿತ್ತಲಿನಲ್ಲಿ ಜಾರಿ ಬಿದ್ದಳು. ಬೆಳಿಗ್ಗೆ ಹಾಲಿನವಳು ಬಂದು ನೋಡುವವರೆಗೆ ಅಲ್ಲೇ ಇದ್ದಳು. ಮೂವರೂ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಲೆಕ್ಕ ಮಾಡಿದಾಗ ತಿಳಿಯಿತು: ನಾಲ್ಕು ತಿಂಗಳಿನಿಂದ ನಮ್ಮಲ್ಲಿ ಯಾರೂ ಊರಿಗೆ ಹೋಗಿರಲಿಲ್ಲ. ಪ್ರತಿಯೊಬ್ಬರಿಗೂ ಇನ್ನೊಬ್ಬರು ಹೋಗಿರಬಹುದೆಂಬ ಎಣಿಕೆ. ತಪ್ಪು ಮಾಡಿದವರನ್ನು ಹುಡುಕಿದೆವು, ಸಿಕ್ಕಲಿಲ್ಲ. ಮೂವರ ಸಮಜಾಯಿಷಿಯೂ ನ್ಯಾಯವಾಗಿಯೇ ಇತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಆಗ ಊರಿನ ಹಿರಿಯರೊಬ್ಬರು, "ಹಿಂದೆ ಕೂಡುಕುಟುಂಬ ಇದ್ದಾಗ ಹಿಂಗ ಆಗತಿರಲಿಲ್ಲ" ಎಂದರು. ಒಬ್ಬ ಯಜಮಾನ, ಅವನ ಕೈಯಲ್ಲಿ ಎಲ್ಲ ನಲ್ಲಿಗಳು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಯಜಮಾನ ಎಡವಿದರೆ ಮನೆಯೆಲ್ಲ ಎಡವುತ್ತಿದ್ದುದೂ ಸತ್ಯ. ಅಡಿಗೆಮನೆಯ ಸೊಸೆಯಂದಿರ ಮುಳ್ಳುಗಳನ್ನು ಅವನು ಎಂದೂ ಓದುತ್ತಿರಲಿಲ್ಲವೆಂಬುದೂ ಸತ್ಯ. ಯಾರೊಬ್ಬನಿಗೂ ಎಲ್ಲವೂ ಕಾಣುವುದಿಲ್ಲ. ನೂರು ಊರುಗಳಲ್ಲಿ ಹರಡಿಹೋದ ನಾವು ಒಂದೇ ಒಲೆಗೆ ಹಿಂದಿರುಗುವುದೂ ಸಾಧ್ಯವಿಲ್ಲ. ಹಾಗಾದರೆ ದಾರಿ?

ಬಹಳ ದಿನಗಳ ಮೇಲೆ ನನಗೊಂದು ಉತ್ತರ ದೊರೆತದ್ದು ಈ ಶಾಸ್ತ್ರದಲ್ಲೇ. ಯೇಲ್ ವಿಶ್ವವಿದ್ಯಾಲಯದಲ್ಲಿ ಬಾಳೆಲ್ಲ ಹೊಂದಾಣಿಕೆಯ ನಿಯಂತ್ರಣವನ್ನೇ ಅಭ್ಯಸಿಸಿದ ಭಾರತೀಯ ಮೂಲದ ಕುಂಪಾಟಿ ನರೇಂದ್ರ ಅವರೂ ಓಲೆಂಗ್ ಎಂಬವರೂ 2002ರಲ್ಲಿ ಒಂದು ಪ್ರಶ್ನೆ ಎತ್ತಿದರು: ಬೇರೆ ಬೇರೆಯಾಗಿ ಕಲಿಯುವ ನಿಯಂತ್ರಕಗಳು ಆ ಉಳಿದ ತಪ್ಪನ್ನೂ ಅಳಿಸಬಲ್ಲವೆ? ಕೆಲವು ಬಗೆಯ ವ್ಯವಸ್ಥೆಗಳ ಮಟ್ಟಿಗೆ ಅವರ ಗಣಿತ ಕೊಟ್ಟ ಉತ್ತರ: ಅಳಿಸಬಲ್ಲವು. ಅದಕ್ಕೆ ನೆರೆಯವನು ಈ ಗಳಿಗೆಯಲ್ಲಿ ಏನು ಮಾಡುತ್ತಿದ್ದಾನೆಂದು ಕ್ಷಣಕ್ಷಣವೂ ಅಳೆಯಬೇಕಾಗಿಲ್ಲ. ಅವನು ಎತ್ತ ಹೋಗಬೇಕೆಂದಿದ್ದಾನೆ, ಅವನ ಗುರಿಯ ದಾರಿ ಯಾವುದು, ಅಷ್ಟು ಮೊದಲೇ ಗೊತ್ತಿದ್ದರೆ ಸಾಕು. ಉಳಿದುದನ್ನು ಅವರವರ ಕಲಿಕೆ ನೋಡಿಕೊಳ್ಳುತ್ತದೆ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ. ನಾವು ಮೂವರು ಪರಸ್ಪರರ ನಡತೆಯನ್ನು ಎಷ್ಟು ಗಮನಿಸಿದ್ದೆವು! ಯಾರು ಎಷ್ಟು ಕಳಿಸಿದರು, ಯಾರು ಎಷ್ಟು ಸಲ ಹೋದರು, ಎಲ್ಲವೂ ಲೆಕ್ಕದಲ್ಲಿತ್ತು. ಆದರೆ 'ನೀನು ಅವ್ವನ ವಿಷಯದಲ್ಲಿ ಏನು ಮಾಡಬೇಕೆಂದಿದ್ದೀ?' ಎಂದು ಒಬ್ಬರನ್ನೊಬ್ಬರು ಒಮ್ಮೆಯೂ ಕೇಳಿರಲಿಲ್ಲ. ನಡತೆಯನ್ನು ನೋಡಿ ಮನಸ್ಸನ್ನು ಊಹಿಸಿದೆವು. ಊಹೆಯ ಮೇಲೆ ಹೊಂದಿಕೊಂಡೆವು.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ತನ್ನ ಪಾಲಿನ ಕೆಲಸವನ್ನು ಸರಿಯಾಗಿ ಮಾಡುವುದು ದೊಡ್ಡದು. ಅದಿಲ್ಲದೆ ಯಾವ ಜಾಲವೂ ನಿಲ್ಲದು. ಆದರೆ 'ಪಾಲು' ಎಂಬುದು ನನ್ನ ಮುಳ್ಳು ತೋರಿಸುವಷ್ಟೇ ಅಲ್ಲ. ನಾನು ಎತ್ತ ಹೊರಟಿದ್ದೇನೆಂದು ನನ್ನಿಂದ ಅಲುಗುವವರಿಗೆ ಹೇಳುವುದೂ, ಅವರು ಎತ್ತ ಹೊರಟಿದ್ದಾರೆಂದು ಕೇಳುವುದೂ ನನ್ನ ಪಾಲಿನೊಳಗೇ ಸೇರಿದ ಕೆಲಸ. ಅದನ್ನು ಮಾಡದವನು, ಉಳಿದೆಲ್ಲವನ್ನೂ ಸರಿಯಾಗಿ ಮಾಡಿದ್ದರೂ, 'ನನ್ನದೇನೂ ತಪ್ಪಿಲ್ಲ' ಎನ್ನಲಾರ. ಇದು ಇನ್ನೊಬ್ಬರ ಉಸಾಬರಿಯಲ್ಲ. ಉಸಾಬರಿ ಮಾಡುವವನು ನೆರೆಯವನ ನಲ್ಲಿಗೆ ಕೈ ಹಾಕುತ್ತಾನೆ, ಇವನು ಅವನ ಉದ್ದೇಶವನ್ನಷ್ಟೇ ಕೇಳುತ್ತಾನೆ.

ಹೋಲಿಕೆಗೆ ಮಿತಿಯಿದೆ, ಬಲ್ಲೆ. ಯಂತ್ರಕ್ಕೆ ಗುರಿಯನ್ನು ಇನ್ನೊಬ್ಬರು ಕೊಡುತ್ತಾರೆ. ಮನುಷ್ಯನಿಗೆ ತನ್ನ ಗುರಿ ಏನೆಂಬುದೇ ಎಷ್ಟೋ ಸಲ ಸ್ಪಷ್ಟವಿರುವುದಿಲ್ಲ, ಸ್ಪಷ್ಟವಿದ್ದರೂ ಹೇಳಲು ಸಂಕೋಚ. 'ನಾನು ಅವ್ವನ ಹತ್ತಿರ ಇರಲಾರೆ' ಎಂದು ಅಣ್ಣನ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಐವತ್ತೈದು ವರ್ಷ ಬೇಕಾಯಿತು. ಹೇಳಿದ ಮೇಲೆ ಅವನೂ ಅದನ್ನೇ ಹೇಳಿದ. ಆಮೇಲೆ ಕೆಲಸ ಸುಲಭವಾಯಿತು: ತಿಂಗಳ ಮೊದಲ ಭಾನುವಾರ ಮೂವರೂ ಫೋನಿನಲ್ಲಿ ಕೂಡಿ, ಮುಂದಿನ ಮೂರು ತಿಂಗಳು ಯಾರು ಏನು ಮಾಡಬೇಕೆಂದಿದ್ದೇವೆಂದು ಮಾತ್ರ ಹೇಳಿಕೊಳ್ಳುತ್ತಿದ್ದೆವು. ಮಾಡಿದ್ದರ ಲೆಕ್ಕ ಕೇಳುತ್ತಿರಲಿಲ್ಲ. ಅವ್ವನ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಅವಳು ಇನ್ನೂ ಆರು ವರ್ಷ ಬಾಳಿದಳು. ಆ ಆರು ವರ್ಷಗಳಲ್ಲಿ ಅವಳನ್ನು ನೋಡದೆ ನಾವು ಮೂರು ವಾರ ದಾಟಿಸಿದ್ದಿಲ್ಲ.

ಸ್ನಾನದ ಮನೆಯ ಯುದ್ಧ? ಹೋದ ಚಳಿಗಾಲದಲ್ಲಿ ಒಂದು ದಿನ ಮೆಟ್ಟಿಲ ಮೇಲೆ ಮೇಲಿನ ಮನೆಯವರನ್ನು ನಿಲ್ಲಿಸಿ, "ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು?" ಎಂದು ಕೇಳಿದೆ. ಏಳೂ ಹತ್ತರ ಲೋಕಲ್ ಹಿಡಿಯಬೇಕಂತೆ. ನಿವೃತ್ತನಾದ ನನಗೆ ಯಾವ ಲೋಕಲೂ ಇಲ್ಲ. ಹದಿನಾರು ವರ್ಷ ಒಂದೇ ಕೊಳವೆಯ ನೀರು ಮಿಂದಿದ್ದೆವು, ಇಷ್ಟನ್ನು ಕೇಳಿರಲಿಲ್ಲ. ಈಗ ನಾನು ಏಳೂಕಾಲಿಗೆ ಸ್ನಾನಕ್ಕೆ ಹೋಗುತ್ತೇನೆ.